ಶೇಡ್ ನಂಬರ್ ಸಾಲದು, ಗೋಡೆಯ ಚೂರು ಬೇಕು: ಒಂದು ಕಂಪನಿಯ ಬಣ್ಣಕ್ಕೆ ಇನ್ನೊಂದರಲ್ಲಿ ಜೋಡಿ ಹುಡುಕುವುದು ಹೇಗೆ?

ಕಳೆದ ಮೇ ತಿಂಗಳಲ್ಲಿ ನಮ್ಮ ಉಡುಪಿ ಮನೆಯ ಹಾಲ್ ಗೋಡೆ ಒಡೆಯಬೇಕಾಯಿತು. ಒಳಗಿನ ಪೈಪು ಎಲ್ಲೋ ಸೋರುತ್ತಿತ್ತು. ಪ್ಲಂಬರ್ ಬಂದು ಒಂದೂವರೆ ಅಡಿ ಅಗಲಕ್ಕೆ ಗೋಡೆ ಕಡಿದು, ಪೈಪು ಬದಲಿಸಿ, ಸಿಮೆಂಟ್ ಮೆತ್ತಿ ಹೋದರು. ಅವರ ಕೆಲಸ ಅರ್ಧ ದಿನಕ್ಕೆ ಮುಗಿಯಿತು. ಆ ಪ್ಯಾಚಿಗೆ ಹೊಂದುವ ಬಣ್ಣ ಹುಡುಕುವುದಕ್ಕೆ ನನಗೆ ಮೂರು ವಾರ ಹಿಡಿಯಿತು.

ಐದು ವರ್ಷದ ಹಿಂದೆ ಹೊಡೆಸಿದ ಬಣ್ಣ ಅದು. ತಿಳಿ ಹಳದಿ. ಗಟ್ಟಿ ಮಜ್ಜಿಗೆಗೆ ಒಂದು ಚಿಟಿಕೆ ಅರಿಶಿನ ಹಾಕಿದ ಹಾಗೆ. ಬಕೆಟ್ ಮುಚ್ಚಳದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಆದರೆ ಅಂದು ಬಣ್ಣ ತಂದ ಅಂಗಡಿಯಲ್ಲಿ ಈಗ ಆ ಕಂಪನಿಯ ಮಾಲು ಬರುವುದಿಲ್ಲ. "ಅದೇ ಶೇಡ್ ಇದರಲ್ಲೂ ಉಂಟು ಮೇಡಂ, ಹತ್ತಿರದ್ದು ನೋಡಿ ಕೊಡ್ತೇನೆ" ಅಂದರು. ತಂದೆವು, ಹೊಡೆಸಿದೆವು. ಸಂಜೆ ಲೈಟ್ ಹಾಕಿ ನೋಡಿದಾಗ ಪ್ಯಾಚ್ ಎಲ್ಲಿತ್ತು ಎಂದೇ ಗೊತ್ತಾಗಲಿಲ್ಲ. ಬೆಳಿಗ್ಗೆ ಕಿಟಕಿ ತೆರೆದರೆ ಗೋಡೆಯ ನಡುವೆ ತೆಳು ಗುಲಾಬಿ ಬಣ್ಣದ ಒಂದು ಚೌಕ!

ಪೇಂಟರಣ್ಣ ಬಂದು ನೋಡಿದರು. ಸ್ವಲ್ಪ ಹೊತ್ತು ಸುಮ್ನೆ ನಿಂತು, "ಅಕ್ಕಾ, ನಂಬರ್ ತಗೊಂಡು ಹೋದ್ರೆ ಆಗುದಿಲ್ಲ. ಗೋಡೆಯನ್ನೇ ತಗೊಂಡು ಹೋಗ್ಬೇಕು" ಅಂದರು. ಆ ಮಾತಿನ ಅರ್ಥ ಬಿಡಿಸುತ್ತಾ ಹೋದಾಗ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆ ಇರುವ ಎಲ್ಲರಿಗೂ ಒಂದಲ್ಲ ಒಂದು ದಿನ ಈ ಕೆಲಸ ಬಂದೇ ಬರುತ್ತದೆ.

ನಂಬರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಶೇಡ್ ನಂಬರನ್ನು ಮನೆ ನಂಬರಿನ ಹಾಗೆ ನೋಡಬೇಕು. ಮಂಗಳೂರಿನ ಕದ್ರಿಯಲ್ಲೂ ಹನ್ನೆರಡನೇ ನಂಬರಿನ ಮನೆ ಇರಬಹುದು, ಬಿಜೈಯಲ್ಲೂ ಇರಬಹುದು. ನಂಬರ್ ಒಂದೇ ಎಂದು ಎರಡೂ ಮನೆಯವರು ನೆಂಟರಾಗುವುದಿಲ್ಲ. ಏಷ್ಯನ್ ಪೇಂಟ್ಸ್, ಬರ್ಜರ್, ನೆರೋಲ್ಯಾಕ್, ಡ್ಯೂಲಕ್ಸ್, ಇಂಡಿಗೋ, 2024ರಲ್ಲಿ ಮಾರುಕಟ್ಟೆಗೆ ಬಂದ ಬಿರ್ಲಾ ಓಪಸ್, ಹೀಗೆ ಪ್ರತಿ ಕಂಪನಿಗೂ ತನ್ನದೇ ಶೇಡ್ ಕಾರ್ಡ್ ಇದೆ. ಅದರೊಳಗಿನ ನಂಬರು ಆ ಕಾರ್ಡಿನಲ್ಲಿ ಬಣ್ಣ ಎಲ್ಲಿದೆ ಎಂಬುದಕ್ಕೆ ವಿಳಾಸ, ಅಷ್ಟೇ. ಹೆಸರುಗಳ ಕಥೆಯೂ ಇದೇ. ಐವರಿ, ಕ್ರೀಮ್, ಆಫ್ ವೈಟ್ ಎಂಬ ಹೆಸರುಗಳು ಎಲ್ಲರಲ್ಲೂ ಸಿಗುತ್ತವೆ. ಒಬ್ಬರ ಐವರಿ ಇನ್ನೊಬ್ಬರ ಐವರಿಗಿಂತ ಹಳದಿ ಜಾಸ್ತಿ ಇರುತ್ತದೆ.

ಎಲ್ಲರಿಗೂ ಒಂದೇ ಅರ್ಥ ಕೊಡುವ ನಂಬರುಗಳೂ ಇವೆ. ಜರ್ಮನಿಯಲ್ಲಿ 1927ರಲ್ಲಿ 40 ಬಣ್ಣಗಳಿಂದ ಶುರುವಾದ ರಾಲ್ ಪಟ್ಟಿ ಅಂಥದ್ದು. ಅಲ್ಯೂಮಿನಿಯಂ ಕಿಟಕಿ, ಪೌಡರ್ ಕೋಟಿಂಗ್ ಮಾಡಿದ ಗೇಟುಗಳಲ್ಲಿ ಈ ನಂಬರು ನಡೆಯುತ್ತದೆ. ರಾಲ್ 7016 ಎಂದರೆ ಯಾರು ಮಾಡಿದರೂ ಒಂದೇ ಕಡು ಬೂದು ಬರಬೇಕು. ನಮ್ಮ ಮನೆ ಗೋಡೆಗೆ ನೀರು ಬೆರೆಸಿ ಹೊಡೆಯುವ ಎಮಲ್ಷನ್ ಬಣ್ಣ ಮಾತ್ರ ಸಾಮಾನ್ಯವಾಗಿ ಆಯಾ ಕಂಪನಿಯ ಕಾರ್ಡಿನ ಮೇಲೆಯೇ ನಡೆಯುತ್ತದೆ.

ಕೆಲವು ಅಂಗಡಿಗಳ ಕಂಪ್ಯೂಟರಿನಲ್ಲಿ ಬೇರೆ ಕಂಪನಿಯ ಶೇಡುಗಳಿಗೂ ಫಾರ್ಮುಲಾ ಇರುತ್ತದೆ. ಅವರ ನಂಬರ್ ಹೇಳಿದರೆ ಇವರ ಬೇಸಿನಲ್ಲಿ, ಅಂದರೆ ಬಣ್ಣ ಬೆರೆಸುವ ಮೊದಲಿನ ಮೂಲ ಪೇಂಟಿನಲ್ಲಿ, ಎಷ್ಟೆಷ್ಟು ಬಣ್ಣ ಹಾಕಬೇಕು ಎಂದು ಅದು ತೋರಿಸುತ್ತದೆ. ಹೊಸ ಮನೆಗೆ ಪೂರ್ತಿ ಬಣ್ಣ ಹೊಡೆಸುವುದಾದರೆ ಅದು ಧಾರಾಳ ಸಾಕು. ಹಳೆಯ ಗೋಡೆಯ ಪಕ್ಕದಲ್ಲಿ ಹೊಡೆಯುವುದಕ್ಕೆ ಸಾಲದು. ಆ ಫಾರ್ಮುಲಾ ಹೊಂದುವುದು ಶೇಡ್ ಕಾರ್ಡಿನ ಕಾಗದಕ್ಕೆ. ಐದು ವರ್ಷ ಬಿಸಿಲು, ಧೂಳು, ಊದುಬತ್ತಿ ಹೊಗೆ ಕಂಡ ಗೋಡೆ ಆ ಕಾಗದದ ಹಾಗೆ ಉಳಿದಿರುವುದಿಲ್ಲ.

ಡಬ್ಬಿಯೊಳಗೆ ನಡೆಯುವುದು

ಬಣ್ಣದ ಅಂಗಡಿಯ ಟಿಂಟಿಂಗ್ ಮೆಷಿನ್ ಮುಂದೆ ಐದು ನಿಮಿಷ ನಿಂತು ನೋಡಿ. ಹುಡುಗ ಒಂದು ಡಬ್ಬಿ ಬೇಸ್ ತಂದು ಮುಚ್ಚಳ ತೆಗೆಯುತ್ತಾನೆ. ಒಳಗೆ ಹಾಲಿನಂಥ ಬಿಳಿ, ಡಬ್ಬಿಯ ಅಂಚಿನಿಂದ ಒಂದಿಷ್ಟು ಕೆಳಗೆ. ಮೇಲೆ ಬಿಟ್ಟಿರುವ ಜಾಗ ಬಣ್ಣ ಬೀಳುವುದಕ್ಕೆ. ಡಬ್ಬಿ ಮೆಷಿನ್ ಕೆಳಗೆ ಹೋಗುತ್ತದೆ. ಮೇಲಿನ ನಳಿಗೆಯಿಂದ ಹಳದಿಯ ದಾರ ಒಂದು ಇಳಿದು ಬಿಳಿಯ ಮೇಲೆ ಸುರುಳಿ ಸುತ್ತಿ ಕೂರುತ್ತದೆ. ಆಮೇಲೆ ಕೆಂಪು, ಒಂದು ಸಣ್ಣ ಬೊಟ್ಟು. ಕೊನೆಗೆ ಕಪ್ಪು. ಅದು ಎಷ್ಟು ಚಿಕ್ಕದೆಂದರೆ, ಸಾಸಿವೆ ಕಾಳು ಬಿದ್ದ ಹಾಗೆ. ಮುಚ್ಚಳ ಬಡಿದು ಶೇಕರಿನಲ್ಲಿ ಇಟ್ಟು ಗಡಗಡ ಅಲುಗಾಡಿಸಿ ತೆಗೆದರೆ ಇಡೀ ಡಬ್ಬಿ ತಿಳಿ ಹಳದಿ.

ಆ ಸಾಸಿವೆಯಷ್ಟು ಕಪ್ಪೇ ಎಲ್ಲವನ್ನೂ ನಿರ್ಧರಿಸುತ್ತದೆ. ತಿಳಿ ಬಣ್ಣಗಳಲ್ಲಿ ಒಂದು ಹನಿ ಹೆಚ್ಚು ಕಡಿಮೆಯಾದರೂ ಕಣ್ಣಿಗೆ ಬೀಳುತ್ತದೆ. 20 ಲೀಟರ್ ಬಕೆಟಿನಲ್ಲಿ ಒಂದು ಹನಿ ತಪ್ಪಿದರೆ ಕರಗಿ ಹೋಗುತ್ತದೆ. 1 ಲೀಟರ್ ಡಬ್ಬಿಯಲ್ಲಿ ಅದೇ ತಪ್ಪು 20 ಪಟ್ಟು ದೊಡ್ಡದು. ಟಚಪ್‌ಗೆಂದು ನಾವು ತರುವುದು ಯಾವಾಗಲೂ ಚಿಕ್ಕ ಡಬ್ಬಿಯೇ ಅಲ್ವಾ? ಹಾಗಾಗಿ ಒಂದೇ ಕಂಪನಿ, ಒಂದೇ ನಂಬರ್, ಒಂದೇ ಅಂಗಡಿ ಆದರೂ ಚೂರು ವ್ಯತ್ಯಾಸ ಬರಬಹುದು.

ಬೇಸ್ ಎಂಬುದೂ ಒಂದೇ ಅಲ್ಲ. ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿ. ಅಡಿಯ ಗೋಡೆಯನ್ನು ಮುಚ್ಚುವ ಶಕ್ತಿ ಬಹಳ ಮಟ್ಟಿಗೆ ಅದರದೇ. ತಿಳಿ ಬಣ್ಣದ ಬೇಸಿನಲ್ಲಿ ಅದು ಜಾಸ್ತಿ, ಕಡು ಬಣ್ಣದ ಬೇಸಿನಲ್ಲಿ ತೀರಾ ಕಡಿಮೆ. ಕಡು ಕೆಂಪು, ಗಾಢ ಹಳದಿಗಳಿಗೆ ಮೂರು ಕೋಟ್ ಬೇಕಾಗುವುದು ಇದರಿಂದಲೇ. ಒಂದು ಕಂಪನಿಯ ಫಾರ್ಮುಲಾವನ್ನು ಇನ್ನೊಂದು ಕಂಪನಿಯ ಬೇಸಿಗೆ ಹಾಕಿದರೆ ಕೆಲಸ ಕೆಡುವುದೂ ಇದರಿಂದಲೇ. ಬಿಳಿಯ ಪ್ರಮಾಣ ಬೇರೆ, ಬಣ್ಣದ ಗಟ್ಟಿತನ ಬೇರೆ. ನೀರುದೋಸೆಯ ಹಿಟ್ಟಿಗೆ ಹಾಕುವ ಉಪ್ಪಿನ ಲೆಕ್ಕವನ್ನು ಉದ್ದಿನ ದೋಸೆಯ ಹಿಟ್ಟಿಗೆ ಹಾಕಿದ ಹಾಗಾಗುತ್ತದೆ. ಒಂದೇ ಕಂಪನಿಯ ದುಬಾರಿ ಎಮಲ್ಷನ್‌ಗೂ ಅಗ್ಗದ ಎಮಲ್ಷನ್‌ಗೂ ಫಾರ್ಮುಲಾ ಬೇರೆಯೇ ಇರುತ್ತದೆ. ಹಾಗಾಗಿ ಚೀಟಿಯಲ್ಲಿ ನಂಬರಿನ ಜೊತೆಗೆ ಪ್ರಾಡಕ್ಟ್ ಹೆಸರು, ಬೇಸ್ ಹೆಸರು ಇವೆಯೇ ಎಂದು ನೋಡಿಕೊಳ್ಳಿ.

ಬಣ್ಣವನ್ನು ಅಳೆಯುವುದು

ಬಣ್ಣವನ್ನು ಅಂಕಿಯಲ್ಲಿ ಹೇಳುವ ಒಂದು ದಾರಿ ಇದೆ. ಅದು ಯಾವ ಕಂಪನಿಯ ಸ್ವತ್ತೂ ಅಲ್ಲ. ಬೆಳಕು ಮತ್ತು ಬಣ್ಣದ ಅಳತೆಗೆಂದೇ ಇರುವ ಅಂತರರಾಷ್ಟ್ರೀಯ ಸಂಸ್ಥೆ ಸಿಐಇ. ಅದು 1931ರಲ್ಲಿ ಮೊದಲ ಪದ್ಧತಿ ಮಾಡಿತು, 1976ರಲ್ಲಿ ಅದನ್ನು ಸುಧಾರಿಸಿ ಲ್ಯಾಬ್ ಎಂಬ ಅಳತೆ ಕೊಟ್ಟಿತು. ಎಲ್, ಎ, ಬಿ ಎಂಬ ಮೂರು ಅಂಕಿಗಳು ಸೇರಿ ಲ್ಯಾಬ್. ಎಲ್ ಎಂದರೆ ಎಷ್ಟು ಬೆಳ್ಳಗಿದೆ ಎಂಬುದು: ಸೊನ್ನೆ ಎಂದರೆ ಕಡು ಕಪ್ಪು, ನೂರು ಎಂದರೆ ಅಚ್ಚ ಬಿಳಿ. ಎ ಹೆಚ್ಚಾದಷ್ಟು ಕೆಂಪಿನ ಕಡೆಗೆ, ಸೊನ್ನೆಗಿಂತ ಕೆಳಗಿಳಿದಷ್ಟು ಹಸಿರಿನ ಕಡೆಗೆ. ಬಿ ಹೆಚ್ಚಾದರೆ ಹಳದಿ, ಇಳಿದರೆ ನೀಲಿ. ಭೂಪಟದಲ್ಲಿ ಊರಿನ ಜಾಗ ತೋರಿಸಿದ ಹಾಗೆ, ಈ ಮೂರು ಅಂಕಿ ಬಣ್ಣದ ಜಾಗ ತೋರಿಸುತ್ತವೆ.

ಎರಡು ಬಣ್ಣಗಳ ನಡುವಿನ ದೂರವನ್ನು ಡೆಲ್ಟಾ ಇ ಎನ್ನುತ್ತಾರೆ. ಲೆಕ್ಕ ಕಷ್ಟದ್ದಲ್ಲ. ಉದಾಹರಣೆಗೆ ಗೋಡೆಯ ಅಳತೆ 88, 1, 16 ಎಂದಿರಲಿ. ಹೊಸ ಬಣ್ಣದ್ದು 87, 3, 15. ವ್ಯತ್ಯಾಸಗಳು 1, 2, 1. ಒಂದೊಂದನ್ನೂ ಅದರಿಂದಲೇ ಗುಣಿಸಿ ಕೂಡಿಸಿದರೆ 1 + 4 + 1, ಅಂದರೆ 6. ಅದರ ವರ್ಗಮೂಲ ಸುಮಾರು 2.4. ಇದು ಡೆಲ್ಟಾ ಇ. ಒಂದಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನವರ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಎರಡು ಮೂರು ಇದ್ದರೆ, ಎರಡು ಬಣ್ಣ ಅಂಚಿಗೆ ಅಂಚು ತಾಗಿ ನಿಂತಾಗ ಗೊತ್ತಾಗುತ್ತದೆ. ಅವೇ ಎರಡು ಬೇರೆ ಬೇರೆ ಕೋಣೆಯಲ್ಲಿದ್ದರೆ ಯಾರಿಗೂ ತಿಳಿಯುವುದಿಲ್ಲ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಈ ಉದಾಹರಣೆಯಲ್ಲಿ ಜಾಸ್ತಿ ಬದಲಾದದ್ದು ನಡುವಿನ ಅಂಕಿ, ಅಂದರೆ ಕೆಂಪು. ತಿಳಿ ಹಳದಿಯಲ್ಲಿ ಕೆಂಪು ಇಷ್ಟು ಏರಿದರೂ ಕಣ್ಣು ಅದನ್ನು ಗುಲಾಬಿ ಎಂದು ಹಿಡಿಯುತ್ತದೆ. ಬಿಳಿ, ಬೂದು, ಕ್ರೀಮ್‌ಗಳ ವಿಷಯದಲ್ಲಿ ನಮ್ಮ ಕಣ್ಣು ತುಂಬಾ ಕಟ್ಟುನಿಟ್ಟು. ಗಾಢ ಹಳದಿಯಲ್ಲಿ ಇಷ್ಟೇ ವ್ಯತ್ಯಾಸವನ್ನು ಅದು ಸುಲಭವಾಗಿ ಬಿಟ್ಟುಬಿಡುತ್ತದೆ. ಈ ಪಕ್ಷಪಾತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸೂತ್ರ 2000ದ ಹೊತ್ತಿಗೆ ಬಂತು, ಅದಕ್ಕೆ ಡೆಲ್ಟಾ ಇ 2000 ಎಂದೇ ಹೆಸರು. "ಬಿಳಿ ತಾನೇ, ಯಾವುದಾದರೂ ನಡೆಯುತ್ತದೆ" ಎನ್ನುವವರನ್ನು ನಂಬಬೇಡಿ. ಹೊಂದಿಸುವುದಕ್ಕೆ ಎಲ್ಲಕ್ಕಿಂತ ಕಷ್ಟದ್ದು ಬಿಳಿಯೇ.

ಅಳೆಯುವ ಯಂತ್ರ ಸ್ಪೆಕ್ಟ್ರೋಫೋಟೋಮೀಟರ್. ದೊಡ್ಡ ಅಂಗಡಿಗಳಲ್ಲಿ ಇರುತ್ತದೆ, 'ಸ್ಕ್ಯಾನ್ ಮಾಡುವ ಮೆಷಿನ್ ಉಂಟಾ?' ಎಂದು ಕೇಳಿದರೆ ಸಾಕು. ಅದು ಮಾದರಿಯ ಮೇಲೆ ತನ್ನದೇ ಬೆಳಕು ಬಿಟ್ಟು, ವಾಪಸು ಬಂದ ಬೆಳಕನ್ನು ಬಿಡಿಸಿ ನೋಡುತ್ತದೆ. ನೇರಳೆಯಿಂದ ಕೆಂಪಿನವರೆಗೆ, ಅಂದರೆ ಬೆಳಕಿನ ಅಲೆಯ ಉದ್ದ 400ರಿಂದ 700 ನ್ಯಾನೋಮೀಟರ್‌ವರೆಗೆ, ಸಾಮಾನ್ಯವಾಗಿ ಹತ್ತು ಹತ್ತರ ಹೆಜ್ಜೆಯಲ್ಲಿ 31 ಕಡೆ ಅಳೆಯುತ್ತದೆ. ಆಮೇಲೆ ಸಾಫ್ಟ್‌ವೇರ್ ತನ್ನ ಕಂಪನಿಯ ಬೇಸ್ ಮತ್ತು ಬಣ್ಣಗಳಲ್ಲಿ ಅತಿ ಹತ್ತಿರದ ಮಿಶ್ರಣ ಹುಡುಕಿ ಕೊಡುತ್ತದೆ. ಎಷ್ಟು ಹತ್ತಿರ ಎಂಬ ಡೆಲ್ಟಾ ಇ ಅಂಕಿಯೂ ಪರದೆಯ ಮೇಲೆ ಬರುತ್ತದೆ. ಅದನ್ನು ಕೇಳಿ ತಿಳಿದುಕೊಳ್ಳಿ, ಸಂಕೋಚ ಬೇಡ.

ಮೊಬೈಲ್ ಫೋಟೊ ತೋರಿಸಿ ಬಣ್ಣ ಮಾಡಿಸುವುದು ಮಾತ್ರ ಬೇಡವೇ ಬೇಡ. ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದುತ್ತದೆ. ನನ್ನ ಫೋನಿನಲ್ಲಿ ಆ ಗೋಡೆ ಒಮ್ಮೆ ಕ್ರೀಮ್, ಒಮ್ಮೆ ಬೂದು.

ಸಂಜೆ ಸರಿ ಇದ್ದದ್ದು ಬೆಳಿಗ್ಗೆ ಯಾಕೆ ಕೆಟ್ಟಿತು

ರಥಬೀದಿಯ ಬಟ್ಟೆ ಅಂಗಡಿಯಲ್ಲಿ ಸೀರೆಗೆ ಬ್ಲೌಸ್ ಪೀಸ್ ಆರಿಸುವಾಗ ನಾವೆಲ್ಲ ಏನು ಮಾಡುತ್ತೇವೆ? ಎರಡನ್ನೂ ಹಿಡಿದು ಬಾಗಿಲ ಹೊರಗೆ ಬಂದು ಬಿಸಿಲಿನಲ್ಲಿ ನೋಡುತ್ತೇವೆ. ಒಳಗೆ ಹೊಂದಿದ್ದು ಹೊರಗೆ ಹೊಂದದೆ ಇರಬಹುದು ಎಂದು ನಮ್ಮ ಅಮ್ಮಂದಿರಿಗೆ ಗೊತ್ತಿತ್ತು. ಅದಕ್ಕೆ ವಿಜ್ಞಾನದ ಹೆಸರು ಮೆಟಾಮೆರಿಸಂ.

ನಮ್ಮ ಕಣ್ಣು ಆ ಯಂತ್ರದ ಹಾಗೆ 31 ಅಳತೆ ತೆಗೆಯುವುದಿಲ್ಲ. ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳಿವೆ, ಅವು ಕೊಡುವ ಮೂರು ಸುದ್ದಿಯ ಮೇಲೆ ಮಿದುಳು ಬಣ್ಣ ತೀರ್ಮಾನ ಮಾಡುತ್ತದೆ. ಹಾಗಾಗಿ ಎರಡು ಬೇರೆ ಬೇರೆ ಮಿಶ್ರಣಗಳು ಒಂದು ಬೆಳಕಿನಲ್ಲಿ ಒಂದೇ ಸುದ್ದಿ ಕೊಡಬಹುದು. ಒಂದು ಬೂದು ಬಣ್ಣವನ್ನು ಬಿಳಿ ಮತ್ತು ಕಪ್ಪಿನಿಂದ ಮಾಡಬಹುದು. ಅದೇ ಬೂದನ್ನು ಬಿಳಿಗೆ ಚೂರು ಹಸಿರು, ಚೂರು ಕೆಂಪು, ಚೂರು ನೀಲಿ ಸೇರಿಸಿಯೂ ತರಬಹುದು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ. ಬೆಳಕು ಬದಲಾದ ಕೂಡಲೇ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಒಂದು ಕಂಪನಿ ಬಳಸುವ ಹಳದಿ ಪುಡಿಯನ್ನೇ ಇನ್ನೊಂದು ಕಂಪನಿ ಬಳಸಬೇಕೆಂದಿಲ್ಲ. ಬ್ರಾಂಡ್ ಬದಲಿಸಿದಾಗ ಈ ತೊಂದರೆ ಜಾಸ್ತಿಯಾಗುವುದು ಅದಕ್ಕೇ.

ನಮ್ಮ ಹಾಲ್ ಗೋಡೆಯಲ್ಲಿ ಆದದ್ದೂ ಇದೇ. ಸಂಜೆಯ ಎಲ್‌ಇಡಿ ಬೆಳಕಿನಲ್ಲಿ ಒಂದಾಗಿದ್ದ ಎರಡು ಬಣ್ಣ ಬೆಳಗಿನ ಬೆಳಕಿನಲ್ಲಿ ಬೇರೆಯಾದವು. ಎಲ್‌ಇಡಿಗಳಲ್ಲೂ ಬಗೆಬಗೆ. 3000 ಕೆಲ್ವಿನ್ ಎಂದು ಬರೆದದ್ದು ಬೆಚ್ಚಗಿನ ಹಳದಿ ಬೆಳಕು, 6500 ಎಂದು ಬರೆದದ್ದು ಹಗಲಿನ ಹಾಗೆ ಬೆಳ್ಳಗಿನದು. ಅಗ್ಗದ ಬಲ್ಬುಗಳಲ್ಲಿ ಕೆಂಪು ಭಾಗ ಸಾಮಾನ್ಯವಾಗಿ ಕಡಿಮೆ, ಆದ್ದರಿಂದ ಕೆಂಪಿನ ತಪ್ಪು ಅವುಗಳಲ್ಲಿ ಅಡಗಿ ಕೂರುತ್ತದೆ.

ಹಲವು ಸಾಫ್ಟ್‌ವೇರ್‌ಗಳು ಒಂದೇ ಬಣ್ಣಕ್ಕೆ ಎರಡು ಮೂರು ಫಾರ್ಮುಲಾ ತೋರಿಸುತ್ತವೆ. ಹಗಲಿನ ಬೆಳಕಿಗೂ ಬಲ್ಬಿನ ಬೆಳಕಿಗೂ ಎರಡಕ್ಕೂ ಹೊಂದುವುದನ್ನು ಆರಿಸಿ ಎಂದು ಅಂಗಡಿಯವರಿಗೆ ಹೇಳಿ. ಕಾವಿ, ಮಣ್ಣು, ಮರಳಿನ ಕುಟುಂಬದ ಬಣ್ಣಗಳಲ್ಲಿ ಈ ಕಾಟ ಕಡಿಮೆ. ಆ ಬಣ್ಣಗಳನ್ನು ಹೆಚ್ಚಾಗಿ ಎಲ್ಲರೂ ಐರನ್ ಆಕ್ಸೈಡ್‌ನಿಂದಲೇ ಮಾಡುತ್ತಾರೆ. ನಮ್ಮ ಹಳೆಯ ಮನೆಗಳ ಕಾವಿ ನೆಲದ ಕೆಂಪು ಇದೆಯಲ್ಲ, ಅದೂ ಐರನ್ ಆಕ್ಸೈಡೇ. ಅಜ್ಜಿಯ ಕಾಲದ ನೆಲ ಇವತ್ತಿಗೂ ಕೆಂಪಾಗಿಯೇ ಉಳಿದಿರುವುದು ಆ ಪುಡಿ ಬಿಸಿಲಿಗೆ, ಸುಣ್ಣಕ್ಕೆ ಸುಲಭದಲ್ಲಿ ಬಗ್ಗುವುದಿಲ್ಲ ಎಂಬ ಕಾರಣಕ್ಕೆ.

ನಮ್ಮ ಊರಿನ ಬೆಳಕಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಕರಾವಳಿಯ ಮನೆಗಳ ಕಿಟಕಿಯ ಹೊರಗೆ ತೆಂಗು, ಬಾಳೆ, ಹಲಸು ಇದ್ದೇ ಇರುತ್ತವೆ. ಎಲೆಗೆ ತಾಗಿ ಒಳಗೆ ಬರುವ ಬೆಳಕಿನಲ್ಲಿ ಹಸಿರು ಬೆರೆತಿರುತ್ತದೆ. ಕಾವಿ ನೆಲ ಇದ್ದರೆ ಗೋಡೆಯ ಕೆಳಗಿನ ಎರಡು ಅಡಿಗೆ ಕೆಂಪು ಛಾಯೆ ಏರುತ್ತದೆ. ಒಂದೇ ಡಬ್ಬಿಯ ಬಣ್ಣ ನಮ್ಮ ಗೋಡೆಯ ಕೆಳಗೆ ಪೀಚ್, ಕಿಟಕಿಯ ಬಳಿ ನಿಂಬೆ. ಆದ್ದರಿಂದ ಮಾದರಿಯನ್ನು ಪ್ಯಾಚ್ ಇರುವ ಜಾಗದಲ್ಲೇ, ಅದೇ ಎತ್ತರದಲ್ಲೇ ಇಟ್ಟು ನೋಡಬೇಕು.

ಯಾವ ಗೋಡೆಯ ಚೂರು?

ಎರಡನೇ ಸಲ ಹೊರಡುವಾಗ ನಾನು ಕ್ಯಾಲೆಂಡರ್ ತೆಗೆದು ನೋಡಿದೆ. ಅದರ ಹಿಂದೆ ಗೋಡೆ ಹೊಸದರ ಹಾಗೆ ಇತ್ತು. ಸುತ್ತಲಿನ ಬಣ್ಣಕ್ಕಿಂತ ಒಂದು ಹಿಡಿ ಗಾಢ, ಅಂಚು ಗೆರೆ ಎಳೆದ ಹಾಗೆ ಸ್ಪಷ್ಟ. ಐದು ವರ್ಷದಲ್ಲಿ ಗೋಡೆ ಎಷ್ಟು ಮಾಸಿದೆ ಎಂದು ನನಗೆ ಕಣ್ಣಾರೆ ಕಂಡದ್ದು ಆಗಲೇ. ಆ ಚೌಕದಿಂದಲೇ ಚೂರು ತೆಗೆಯೋಣ, ಅದೇ ಅಸಲಿ ಬಣ್ಣ ಅಂದುಕೊಂಡಿದ್ದೆ. ಪೇಂಟರಣ್ಣ ತಡೆದರು. "ಅದು ಹಿಂದಿನ ಬಣ್ಣ ಅಕ್ಕ. ನಮಗೆ ಬೇಕಾದ್ದು ಈಗಿನದ್ದು." ಸ್ವಿಚ್‌ಬೋರ್ಡಿನ ಹಿಂದೆ, ಕಪಾಟಿನ ಹಿಂದೆ ತೆಗೆದ ಚೂರೂ ಇದೇ ಕಾರಣಕ್ಕೆ ತಪ್ಪು ದಾರಿಗೆ ಎಳೆಯುತ್ತದೆ. ಆಯಿಲ್ ಪೇಂಟ್ ಆದರೆ ಕಥೆ ಉಲ್ಟಾ. ಬಿಳಿ ಆಯಿಲ್ ಪೇಂಟ್ ಬೆಳಕು ಬೀಳದ ಕಡೆಯೇ ಹಳದಿಯಾಗುತ್ತದೆ.

ಒಳ್ಳೆಯ ಜಾಗ ಯಾವುದೆಂದರೆ, ಒಡೆದ ಭಾಗದ ಅಂಚು. ಹೇಗೂ ಅದನ್ನು ಪುಟ್ಟಿ ಹಾಕಿ ಸರಿಮಾಡಬೇಕು. ಮೊದಲು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಲು ಬಿಡಿ. ಗೋಡೆ ಒದ್ದೆ ಇದ್ದರೆ ಬಣ್ಣ ಗಾಢವಾಗಿ ಕಾಣುತ್ತದೆ, ಯಂತ್ರವೂ ಹಾಗೆಯೇ ಓದುತ್ತದೆ. ಆಮೇಲೆ ಹರಿತವಾದ ಬ್ಲೇಡಿನಿಂದ ಒಂದೂವರೆ ಇಂಚಿನ ಚೌಕ ಗೀರಿ, ಪುಟ್ಟಿ ಸಮೇತ ಎಬ್ಬಿಸಬೇಕು. ಬರೀ ಬಣ್ಣದ ಪೊರೆ ಬಂದರೆ ಅದು ತೆಳ್ಳಗಾಗಿ ಹಿಂದಿನದನ್ನು ತೋರಿಸುತ್ತದೆ. ಚೂರು ಸಪಾಟಾಗಿರಬೇಕು, ಯಂತ್ರದ ಕಿಂಡಿ ಪೂರ್ತಿ ಮುಚ್ಚುವಷ್ಟು ದೊಡ್ಡದಿರಬೇಕು. ನಮ್ಮದು ಮೊದಲ ಸಲ ಮೂರು ತುಂಡಾಯಿತು, ಎರಡನೆಯದು ಸರಿಯಾಗಿ ಬಂತು. ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಇಟ್ಟುಕೊಂಡು ಹೋದೆ. ಅಂಗಡಿಯಲ್ಲಿ ಮೂರು ನಾಲ್ಕು ಜಾಗದಲ್ಲಿ ಸ್ಕ್ಯಾನ್ ಮಾಡಿ ಸರಾಸರಿ ತೆಗೆಯಲು ಹೇಳಿ. ರೋಲರಿನ ಉಬ್ಬುತಗ್ಗು, ಕೈಯ ಕಲೆ ಒಂದೇ ಸಲದ ಅಳತೆಯನ್ನು ಕೆಡಿಸಬಹುದು.

ಫಿನಿಶ್, ಅಂದರೆ ಬಣ್ಣದ ಹೊಳಪಿನ ಬಗ್ಗೆ ಮರೆಯಬೇಡಿ. ಅದೇ ಬಣ್ಣ ಹೊಳಪಿಲ್ಲದ ಮ್ಯಾಟ್‌ನಲ್ಲಿ ಒಂದು ರೀತಿ, ಹೊಳಪಿನಲ್ಲಿ ಇನ್ನೊಂದು ರೀತಿ. ಒಂದು ಕಂಪನಿಯ ಸ್ಯಾಟಿನ್, ಇನ್ನೊಂದರ ಸಾಫ್ಟ್ ಶೀನ್, ಮತ್ತೊಂದರ ಪರ್ಲ್ ಇವು ಒಂದೇ ಹೊಳಪಿನವು ಎಂದು ಹೇಳುವಂತಿಲ್ಲ. ಕಿಟಕಿಯ ಪಕ್ಕ ಗೋಡೆಗೆ ಕೆನ್ನೆ ತಾಗಿಸುವಷ್ಟು ಹತ್ತಿರ ನಿಂತು ಓರೆಯಾಗಿ ನೋಡಿದರೆ ಹಳೆಯ ಗೋಡೆ ಎಷ್ಟು ಮಿನುಗುತ್ತದೆ ಎಂದು ತಿಳಿಯುತ್ತದೆ. ಎದುರಿನಿಂದ ಹೊಂದಿದ ಪ್ಯಾಚ್ ಪಕ್ಕದಿಂದ ಎದ್ದು ಕಂಡರೆ, ತಪ್ಪು ಬಣ್ಣದ್ದಲ್ಲ, ಹೊಳಪಿನದು.

ಹೊಡೆಯುವ ಮೊದಲು

ಡಬ್ಬಿ ತಂದ ಕೂಡಲೇ ಗೋಡೆಗೆ ಹೊಡೆಯಬೇಡಿ. ಒಂದು ದಪ್ಪ ಬಿಳಿ ರಟ್ಟಿಗೆ ಎರಡು ಕೋಟ್ ಹಚ್ಚಿ, ಅಂಚಿನವರೆಗೂ ಬಣ್ಣ ಬರಲಿ. ಬಿಳಿ ಅಂಚು ಉಳಿದರೆ ಕಣ್ಣು ಅದರ ಜೊತೆ ಹೋಲಿಸಲು ಶುರು ಮಾಡುತ್ತದೆ. ಎಮಲ್ಷನ್ ಹಸಿ ಇದ್ದಾಗ ಹಾಲು ಬೆರೆತ ಹಾಗೆ ತಿಳಿ, ಒಣಗಿದ ಮೇಲೆ ಸಾಮಾನ್ಯವಾಗಿ ಒಂದಿಷ್ಟು ಗಾಢ. ಹಸಿ ಬಣ್ಣ ನೋಡಿ ತೀರ್ಮಾನ ಮಾಡಲೇಬಾರದು. ಬೇಸಗೆಯಲ್ಲಾದರೆ ಅರ್ಧ ದಿನ, ಮಳೆಗಾಲದಲ್ಲಾದರೆ ಒಂದು ಪೂರ್ತಿ ದಿನ ಕೊಡಿ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು, ಜೂನ್‌ನಿಂದ ಗಾಳಿಯೇ ಒದ್ದೆ. ನಮ್ಮ ಕೆಂಪುಕಲ್ಲಿನ ಗೋಡೆಗಳು ನೀರು ಹೀರಿಕೊಂಡರೆ ಒಣಗಲು ಇನ್ನೂ ಸಮಯ ಬೇಕು.

ಒಣಗಿದ ರಟ್ಟನ್ನು ಗೋಡೆಗೆ ಅಂಟಿಸಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಲೈಟ್ ಹಾಕಿದ ಮೇಲೆ ನೋಡಿ. ಮೋಡ ಕವಿದ ದಿನವೂ ಒಮ್ಮೆ ನೋಡಿ. ಎಲ್ಲದರಲ್ಲೂ ಪರವಾಗಿಲ್ಲ ಅನ್ನಿಸಿದರೆ ಮುಂದುವರಿಯಿರಿ. ಕೆಂಪಾಗಿದೆ, ಹಸಿರಾಗಿದೆ ಎಂದು ಗೊತ್ತಾದರೆ ರಟ್ಟು ಮತ್ತು ಚೂರು ಎರಡನ್ನೂ ಅಂಗಡಿಗೆ ತೆಗೆದುಕೊಂಡು ಹೋಗಿ. ಒಂದೆರಡು ಹನಿ ಸೇರಿಸಿ ತಿದ್ದಬಹುದು. ಸೇರಿಸಿದ್ದನ್ನು ಮತ್ತೆ ತೆಗೆಯಲು ಆಗುವುದಿಲ್ಲ. ಆದ್ದರಿಂದ ಮೊದಲ ಮಿಶ್ರಣ ಒಂದು ಗೆರೆ ತಿಳಿ ಇದ್ದರೇ ಒಳ್ಳೆಯದು. ನಮ್ಮದನ್ನು ಹಾಗೆ ಎರಡು ಸಲ ತಿದ್ದಿಸಿದೆವು.

ಈ ಓಡಾಟದಲ್ಲಿ ಮೂರು ವಾರ ಕಳೆದದ್ದರಿಂದ ಒಂದು ಲಾಭವೂ ಆಯಿತು. ಹೊಸ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ, ಕೆಲವು ಬಣ್ಣಗಳನ್ನು ಅದು ಸುಟ್ಟು ಮಾಸಿಸುತ್ತದೆ. ಹೊಸ ಗಿಲಾವಿಗೆ ನಾಲ್ಕು ವಾರ ಬಿಡಬೇಕು ಎನ್ನುವುದು ಅದಕ್ಕೇ. ನಮ್ಮ ಪ್ಯಾಚ್ ಮೇ ತಿಂಗಳ ಸೆಕೆಗೆ ಚೆನ್ನಾಗಿಯೇ ಒಣಗಿತು. ಮೇಲೆ ಪುಟ್ಟಿ, ಅದರ ಮೇಲೆ ಪ್ರೈಮರ್. ಪ್ರೈಮರ್ ಬಿಟ್ಟರೆ ಹೊಸ ಪುಟ್ಟಿ ಬಣ್ಣವನ್ನು ಹೀರಿಕೊಂಡು, ಸರಿಯಾದ ಬಣ್ಣವೂ ಮಂಕಾಗಿ ಕಾಣುತ್ತದೆ.

ಎಲ್ಲಿ ನಿಲ್ಲಿಸಬೇಕು

ನನ್ನ ಪ್ರಕಾರ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದು. ಡೆಲ್ಟಾ ಇ ಬರೀ ಎರಡು ಮೂರು ಇದ್ದರೂ, ಗೋಡೆಯ ನಡುವೆ ಹೊಸದು ಮತ್ತು ಹಳೆಯದು ಅಂಚು ತಾಗಿ ನಿಂತರೆ ಕಣ್ಣು ಹಿಡಿದೇ ಹಿಡಿಯುತ್ತದೆ. ಅಂಚಿನಲ್ಲಿ ವ್ಯತ್ಯಾಸ ಹುಡುಕುವುದರಲ್ಲಿ ನಮ್ಮ ಕಣ್ಣು ತುಂಬಾ ಜಾಣ. ಬಣ್ಣವನ್ನು ನೆನಪಿಡುವುದರಲ್ಲಿ ಮಾತ್ರ ಅಷ್ಟೇ ದಡ್ಡ. ಹಾಗಾಗಿ ಹೋಲಿಸುವ ಅವಕಾಶವನ್ನೇ ಕೊಡಬಾರದು. ಪ್ಯಾಚಿಗೆ ಮಾತ್ರ ಹೊಡೆಯದೆ, ಮೂಲೆಯಿಂದ ಮೂಲೆಯವರೆಗೆ ಆ ಇಡೀ ಗೋಡೆಗೆ ಹೊಡೆಯಬೇಕು. ಮೂಲೆಯಲ್ಲಿ ಎರಡು ಗೋಡೆಗಳ ಮೇಲೆ ಬೀಳುವ ಬೆಳಕು ಹೇಗೂ ಬೇರೆ. ಒಂದು ಗೋಡೆ ಇನ್ನೊಂದಕ್ಕಿಂತ ಚೂರು ಮಂಕಾಗಿದ್ದರೆ ಕಣ್ಣು ಅದನ್ನು ನೆರಳು ಎಂದುಕೊಂಡು ಮುಂದೆ ಹೋಗುತ್ತದೆ.

ಖರ್ಚು ಅಂದುಕೊಂಡಷ್ಟಿಲ್ಲ. 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆ ಎಂದರೆ 120 ಚದರ ಅಡಿ. ಎರಡು ಕೋಟ್ ಹೊಡೆಯಲು ಸುಮಾರು 2 ಲೀಟರ್ ಸಾಕು. ಎರಡು ಬೇರೆ ಬೇರೆ ಡಬ್ಬಿ ತಂದಿದ್ದರೆ ಮೊದಲೇ ಒಂದು ಬಕೆಟಿಗೆ ಸುರಿದು ಕಲಸಿಬಿಡಿ. ಹಳೆಯ ಗೋಡೆಗೆ ರೋಲರ್ ಹೊಡೆದಿದ್ದರೆ ಹೊಸದಕ್ಕೂ ರೋಲರೇ ಆಗಲಿ. ಬ್ರಷ್‌ನ ಗೆರೆಗೆ ಬೆಳಕು ಬೇರೆ ರೀತಿ ತಾಗುತ್ತದೆ.

ಎಷ್ಟು ತಿದ್ದಿದರೂ ಹೊಂದದೆ ಹೋದರೆ? ಆಗ ಹತ್ತಿರದ ಬಣ್ಣದ ಹಿಂದೆ ಬೀಳುವುದನ್ನು ಬಿಟ್ಟು, ಆ ಒಂದು ಗೋಡೆಗೆ ಬೇರೆಯದೇ ಬಣ್ಣ ಹೊಡೆಯಿರಿ. ಸ್ವಲ್ಪ ಬೇರೆ ಇದ್ದರೆ ತಪ್ಪಿನ ಹಾಗೆ ಕಾಣುತ್ತದೆ. ಪೂರ್ತಿ ಬೇರೆ ಇದ್ದರೆ ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ. ಹೊರಗಿನ ಗೋಡೆಗಳಲ್ಲಂತೂ ಪ್ಯಾಚ್ ಹೊಂದಿಸುವ ಆಸೆಯನ್ನೇ ಬಿಡಿ. ಬಿಸಿಲು, ಉಪ್ಪುಗಾಳಿ, ಪಾಚಿ ಸೇರಿ ಅಡಿಗೊಂದು ಬಣ್ಣ ಆಗಿರುತ್ತದೆ. ಪಾಚಿ ತೊಳೆದು, ಆ ಇಡೀ ಬದಿಗೆ ಹೊಡೆಯುವುದೇ ಸರಿ.

ನಮ್ಮ ಗೋಡೆಗೆ ಎರಡನೇ ಕೋಟ್ ಆದದ್ದು ಜೂನ್ ಮೊದಲ ವಾರ. ಮಾರನೆಯ ದಿನವೇ ಮಳೆ ಹಿಡಿಯಿತು. ಮೋಡದ ಮಂದ ಬೆಳಕಿನಲ್ಲೂ ನೋಡಿದೆ, ರಾತ್ರಿ ದೀಪದಲ್ಲೂ ನೋಡಿದೆ. ಮೂಲೆಯಲ್ಲಿ ಎರಡು ಬೆರಳಿಟ್ಟು ಹುಡುಕಿದರೆ ಚೂರು ವ್ಯತ್ಯಾಸ ಸಿಗುತ್ತದೆ, ಮನೆಗೆ ಬಂದವರು ಯಾರೂ ಹಾಗೆ ಹುಡುಕಿಲ್ಲ. ಉಳಿದ ಕಾಲು ಲೀಟರನ್ನು ಗಾಜಿನ ಉಪ್ಪಿನಕಾಯಿ ಭರಣಿಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟೆ. ಅದರ ಮೇಲೆ ಒಂದು ಚೀಟಿ: ಕಂಪನಿ, ಪ್ರಾಡಕ್ಟ್, ಬೇಸ್, ಮೆಷಿನ್ ಹಾಕಿದ ಪ್ರತಿ ಬಣ್ಣದ ಮಿಲಿಲೀಟರ್, ಆಮೇಲೆ ತಿದ್ದಿದ ಹನಿಗಳು, ಎಲ್, ಎ, ಬಿ ಅಂಕಿಗಳು, ಹೊಡೆದ ತಾರೀಕು. ಇನ್ನೊಂದು ಪ್ರತಿಯನ್ನು ಬಣ್ಣ ಹಚ್ಚಿದ ಆ ರಟ್ಟಿನ ಸಮೇತ ಮೀಟರ್ ಬಾಕ್ಸಿನ ಬಾಗಿಲ ಒಳಗೆ ಅಂಟಿಸಿದ್ದೇನೆ.